ಹೊಳೆ ನಡುವಿನ ಊರು, ಹತ್ತು ಕಚೇರಿಯ ಕಾರುಬಾರು: ಶ್ರೀರಂಗಪಟ್ಟಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀರಂಗಪಟ್ಟಣದಲ್ಲಿ ನನ್ನದೊಂದು ಚಿಕ್ಕ ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅನ್ನೋದು ಬೋರ್ಡಿಗೆ ಮಾತ್ರ, ಹೊಟ್ಟೆ ತುಂಬುವುದು ಅರ್ಜಿ ಟೈಪ್ ಮಾಡಿಕೊಡುವುದರಿಂದ. ಅರ್ಜಿ ಬರೆಸಲು ಬಂದವರು, ದಾರಿ ಕೇಳಲು ನಿಂತ ಪ್ರವಾಸಿಗಳು, ಬೆಂಗಳೂರಿನಿಂದ ಕಾಗದ ಬರೆಯುವ ನೆಂಟರು, ಎಲ್ಲರೂ ತಿರುಗಿ ತಿರುಗಿ ಇವೇ ಪ್ರಶ್ನೆ ಕೇಳುತ್ತಾರೆ. ಅವರು ಕೇಳಿದ ಹಾಗೇ ಇಲ್ಲಿ ಬರೆದಿದ್ದೇನೆ. ಮೊದಲು ಊರು, ಆಮೇಲೆ ಹೊಳೆ, ಆಮೇಲೆ ಆಡಳಿತ, ಕೊನೆಗೆ ಕಗ್ಗಂಟಿನ ವಿಷಯಗಳು. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಊರಿನ ಪರಿಚಯ

ಶ್ರೀರಂಗಪಟ್ಟಣ ನಿಜವಾಗ್ಲೂ ದ್ವೀಪಾನಾ? ಬಸ್ಸಲ್ಲಿ ಬಂದ್ರೆ ಗೊತ್ತೇ ಆಗಲ್ಲ.

ಹೌದು, ದ್ವೀಪವೇ. ಕಾವೇರಿ ಊರಿನ ಪಶ್ಚಿಮಕ್ಕೆ ಎರಡು ಕವಲಾಗಿ ಒಡೆಯುತ್ತದೆ. ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ ಬಳಸಿಕೊಂಡು ಹೋಗಿ ಪೂರ್ವದ ತುದಿಯಲ್ಲಿ, ಸಂಗಮದ ಹತ್ತಿರ, ಮತ್ತೆ ಒಂದಾಗುತ್ತವೆ. ಈ ಎರಡು ಕವಲಿನ ನಡುವೆ ಸಿಕ್ಕಿಕೊಂಡ ನೆಲವೇ ನಮ್ಮ ಊರು.

ಬಸ್ಸಿನಲ್ಲಿ ಗೊತ್ತಾಗದಿರಲು ಕಾರಣ ಸೇತುವೆ. ಬೆಂಗಳೂರು ಕಡೆಯಿಂದ ಹಳೇ ಹೆದ್ದಾರಿಯಲ್ಲಿ ಬಂದರೆ ಕಿರಂಗೂರು ದಾಟಿದ ಮೇಲೆ ಒಂದು ಸೇತುವೆ, ಊರು ದಾಟಿ ಮೈಸೂರು ಕಡೆ ಹೊರಟರೆ ಇನ್ನೊಂದು. ಎರಡನ್ನೂ ಒಂದೊಂದು ನಿಮಿಷದಲ್ಲಿ ದಾಟಿಬಿಡುತ್ತೀರಿ. ಬೇಸಿಗೆಯಲ್ಲಂತೂ ಕೆಳಗೆ ನೀರಿಗಿಂತ ಬಂಡೆ, ಜೊಂಡೇ ಜಾಸ್ತಿ. ಆಗಸ್ಟ್‌ನಲ್ಲಿ ಬನ್ನಿ, ಸಂಶಯ ತೀರುತ್ತದೆ.

ದ್ವೀಪ ಅನ್ಬೇಕಾ, ನಡುಗಡ್ಡೆ ಅನ್ಬೇಕಾ, ತಿಟ್ಟು ಅನ್ಬೇಕಾ?

ಮೂರೂ ನಡೆಯುತ್ತದೆ. ಪುಸ್ತಕದಲ್ಲಿ ದ್ವೀಪ. ಹೊಳೆ ನಡುವಿನ ನೆಲಕ್ಕೆ ಒಳ್ಳೆ ಕನ್ನಡ ಮಾತು ನಡುಗಡ್ಡೆ. ತಿಟ್ಟು ಅಂದರೆ ಸುತ್ತಲಿನ ಜಾಗಕ್ಕಿಂತ ಸ್ವಲ್ಪ ಎತ್ತರವಾದ ದಿಣ್ಣೆ. ರಂಗನತಿಟ್ಟು ಅನ್ನೋ ಹೆಸರು ಬಂದಿದ್ದು ಹಾಗೆಯೇ. ಇಷ್ಟೆಲ್ಲ ಇದ್ದರೂ ಸುತ್ತಲಿನ ಹಳ್ಳಿಯವರು ಇದ್ಯಾವುದನ್ನೂ ಹೇಳುವುದಿಲ್ಲ. ಅವರಿಗೆ ಇದು ಬರೀ ‘ಪಟ್ಣ’. "ಪಟ್ಣಕ್ಕೆ ಹೋಗ್ ಬತ್ತೀನಿ" ಅಂದರೆ ಬೆಂಗಳೂರಿಗೂ ಅಲ್ಲ, ಮೈಸೂರಿಗೂ ಅಲ್ಲ, ಇಲ್ಲಿಗೇ.

ಎಷ್ಟು ದೊಡ್ಡದು? ನಡ್ಕೊಂಡೇ ಸುತ್ತಬಹುದಾ?

ಉದ್ದ ಸುಮಾರು 5 ಕಿಲೋಮೀಟರ್, ಅಗಲ ಒಂದೂವರೆ ಕಿಲೋಮೀಟರ್ ಆಸುಪಾಸು. ಹಳೇ ಗೆಜೆಟಿಯರುಗಳಲ್ಲಿ ಮೂರು ಮೈಲಿ ಉದ್ದ, ಒಂದು ಮೈಲಿ ಅಗಲ ಅಂತಲೇ ಇದೆ. ಬೆಳಗ್ಗೆ ಆರಕ್ಕೆ ಕೋಟೆಯಿಂದ ಹೊರಟರೆ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ಗಂಜಾಂ, ಟಿಪ್ಪುವಿನ ಗೋರಿಯಿರುವ ಗುಂಬಜ್ ದಾಟಿ ಬಿಸಿಲೇರುವ ಮೊದಲೇ ಸಂಗಮ ಮುಟ್ಟಬಹುದು. ಬರುವಾಗ ಆಟೊ ಹಿಡಿಯಿರಿ, ಕಾಲು ಮಾತು ಕೇಳುವುದಿಲ್ಲ.

ಕೋಟೆ, ಗಂಜಾಂ ಬೇರೆ ಬೇರೆ ಊರಾ?

ಒಂದೇ ಊರಿನ ಎರಡು ಭಾಗ, ಎರಡೂ ಪುರಸಭೆಗೆ ಸೇರಿದವು. ಪಶ್ಚಿಮದ ತುದಿಯಲ್ಲಿ ಕೋಟೆ. ಅದರೊಳಗೆ ರಂಗನಾಥಸ್ವಾಮಿ ದೇವಸ್ಥಾನ, ಜಾಮಿಯಾ ಮಸೀದಿ, ಹಳೇ ಬೀದಿಗಳು. ಪೂರ್ವದ ಕಡೆ ಗಂಜಾಂ. ಟಿಪ್ಪು ತನ್ನ ಕಾಲದಲ್ಲಿ ಶಿರಾದಿಂದ ಕುಟುಂಬಗಳನ್ನು ಕರೆಸಿ ಇಲ್ಲಿ ನೆಲೆ ನಿಲ್ಲಿಸಿ ಪೇಟೆ ಬೆಳೆಸಿದ. ಗಂಜಾಮಿನ ಅಂಜೂರ ಒಂದು ಕಾಲಕ್ಕೆ ಹೆಸರುವಾಸಿ. ಈಗ ಗಂಜಾಂ ಅಂದರೆ ಜನಕ್ಕೆ ನೆನಪಾಗುವುದು ನಿಮಿಷಾಂಬ ದೇವಸ್ಥಾನ. ಎರಡರ ನಡುವೆ ಗದ್ದೆ, ಕಬ್ಬಿನ ಹೊಲ, ತೆಂಗಿನ ತೋಟ ಇನ್ನೂ ಇದೆ. ಪುರಸಭೆ ವ್ಯಾಪ್ತಿಯ ಒಳಗೇ ನಾಟಿ ಹಾಕುವವರು, ಎಮ್ಮೆ ಮೈ ತೊಳೆಯುವವರು ಸಿಗುತ್ತಾರೆ. ಊರು ಅರ್ಧ ಪೇಟೆ, ಅರ್ಧ ಹಳ್ಳಿ.

ಮೈಸೂರಿಗೆ ಇಷ್ಟು ಹತ್ರ ಇದೆ. ಮತ್ತೆ ಮಂಡ್ಯ ಜಿಲ್ಲೆ ಹೇಗಾಯ್ತು?

ಮೈಸೂರು ಇಲ್ಲಿಗೆ ಸುಮಾರು 15 ಕಿಲೋಮೀಟರ್, ಮಂಡ್ಯ ಅದಕ್ಕಿಂತ ದೂರ. ಆದರೆ ಜಿಲ್ಲೆ ಮಂಡ್ಯವೇ. 1939ರ ಜುಲೈ 1ರವರೆಗೆ ನಾವೂ ಮೈಸೂರು ಜಿಲ್ಲೆಯೇ. ಅವತ್ತು ಮಂಡ್ಯ ಹೊಸ ಜಿಲ್ಲೆಯಾಯಿತು, ನಮ್ಮ ತಾಲೂಕು ಅದರ ಪಾಲಿಗೆ ಬಂತು. ಈಗ ಮಂಡ್ಯ ಜಿಲ್ಲೆಯ 7 ತಾಲೂಕುಗಳಲ್ಲಿ ಇದೂ ಒಂದು. ಉಪವಿಭಾಗದ ಕಚೇರಿ ಪಾಂಡವಪುರದಲ್ಲಿ.

ಹೀಗಾಗಿ ನಮ್ಮದು ಸ್ವಲ್ಪ ತಮಾಷೆಯ ಬಾಳು. ಗಾಡಿ ನಂಬರು ಮಂಡ್ಯದ ಕೆಎ-11. ಸಂಸದರು ಮಂಡ್ಯ ಕ್ಷೇತ್ರದವರು, ಜಿಲ್ಲಾಧಿಕಾರಿ ಮಂಡ್ಯದಲ್ಲಿ. ಕರೆಂಟ್ ಬಿಲ್ ಕಳಿಸುವ ಚಾಮುಂಡೇಶ್ವರಿ ವಿದ್ಯುತ್ ಕಂಪನಿಯ ಮುಖ್ಯ ಕಚೇರಿ ಮಾತ್ರ ಮೈಸೂರಿನಲ್ಲಿ. ಸೀರೆ ತೆಗೆಯಲು, ದೊಡ್ಡಾಸ್ಪತ್ರೆಗೆ, ಮಕ್ಕಳ ಕಾಲೇಜಿಗೆ ಮೈಸೂರು. ಸಹಿ ಹಾಕಿಸಲು ಮಂಡ್ಯ. ಎರಡು ಊರಿನ ಬಸ್ಸೂ ಪಕ್ಕಪಕ್ಕ ನಿಂತಿರುತ್ತವೆ. ಯಾವುದು ಹತ್ತಬೇಕು ಅಂತ ಕೈಯಲ್ಲಿರುವ ಕಾಗದ ನೋಡಿ ತೀರ್ಮಾನ ಮಾಡಬೇಕು.

## ಹೊಳೆಯ ವಿಷಯ

ಕಾವೇರಿ ಪಶ್ಚಿಮಕ್ಕೆ ಹರಿಯುತ್ತೆ ಅಂತಾರಲ್ಲ, ಅದೆಲ್ಲಿ?

ಪಶ್ಚಿಮವಾಹಿನಿಯಲ್ಲಿ. ಮೈಸೂರು ಕಡೆಯ ಕವಲು ಅಲ್ಲಿ ಒಂದಿಷ್ಟು ದೂರ ತಿರುಗಿ ಪಶ್ಚಿಮಕ್ಕೆ ಮುಖ ಮಾಡುತ್ತದೆ. ಪೂರ್ವಕ್ಕೆ ಹರಿಯುವ ನದಿ ಹೀಗೆ ತಿರುಗಿದ ಜಾಗ ಪುಣ್ಯಸ್ಥಳ ಅನ್ನುವುದು ನಂಬಿಕೆ. ಅದಕ್ಕೇ ಅಸ್ಥಿ ಬಿಡಲು ದೂರದಿಂದೆಲ್ಲ ಜನ ಬರುತ್ತಾರೆ. 1948ರ ಫೆಬ್ರವರಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನೂ ಇಲ್ಲಿ ಬಿಟ್ಟರು. ಮಹಾಲಯ ಅಮಾವಾಸ್ಯೆ ದಿನ ಮಾತ್ರ ಬರಬೇಡಿ. ಅಥವಾ ಬಂದರೆ ಗಾಡಿಯನ್ನು ಒಂದು ಮೈಲಿ ಆಚೆಯೇ ನಿಲ್ಲಿಸಿ.

ಸಂಗಮದಲ್ಲಿ ಸೇರೋ ಮೂರು ನದಿ ಯಾವ್ಯಾವು?

ಕಾವೇರಿ, ಹೇಮಾವತಿ, ಲೋಕಪಾವನಿ ಅಂತ ಹೇಳುವುದು ವಾಡಿಕೆ. ಕಣ್ಣಿಗೆ ಕಾಣುವುದು ಬೇರೆ. ಹೇಮಾವತಿ ಮೇಲೆ ಕನ್ನಂಬಾಡಿಯ, ಅಂದರೆ ಕೃಷ್ಣರಾಜಸಾಗರ ಅಣೆಕಟ್ಟೆಯ, ಹಿನ್ನೀರಿನಲ್ಲೇ ಕಾವೇರಿಯನ್ನು ಸೇರಿಬಿಟ್ಟಿರುತ್ತಾಳೆ. ಲೋಕಪಾವನಿ ಕರಿಘಟ್ಟದ ಬುಡದಲ್ಲಿ ಉತ್ತರದ ಕವಲಿಗೆ ಸೇರುತ್ತಾಳೆ. ಸಂಗಮದ ತುದಿಯಲ್ಲಿ ನಿಂತಾಗ ನೀವು ನೋಡುವುದು ಕಾವೇರಿಯದೇ ಎರಡು ಕವಲು ಒಂದಾಗುವುದನ್ನು. ಮೂರೂ ನೀರು ಅಲ್ಲಿ ಇರುವುದಂತೂ ನಿಜ, ಹಾಗಾಗಿ ಹಿರಿಯರ ಮಾತು ಸುಳ್ಳೇನಲ್ಲ.

ಕನ್ನಂಬಾಡಿ ತುಂಬಿದ್ರೆ ಪಟ್ಣ ಮುಳುಗುತ್ತಾ?

ಪ್ರತಿ ಮಳೆಗಾಲದಲ್ಲಿ ಬೆಂಗಳೂರಿನ ನಮ್ಮ ಅತ್ತೆ ಫೋನ್ ಮಾಡಿ ಕೇಳುವ ಪ್ರಶ್ನೆ ಇದು. ಟಿವಿಯಲ್ಲಿ ನೋಡಿ ಗಾಬರಿಯಾಗಿರುತ್ತಾರೆ.

ಊರು ಮುಳುಗುವುದಿಲ್ಲ. ದ್ವೀಪದ ಬಹುಪಾಲು ನೆಲ ನೀರಿನ ಮಟ್ಟಕ್ಕಿಂತ ಚೆನ್ನಾಗಿಯೇ ಮೇಲಿದೆ. ಮುಳುಗುವುದು ಅಂಚು. ಸ್ನಾನಘಟ್ಟದ ಮೆಟ್ಟಿಲು, ಪಶ್ಚಿಮವಾಹಿನಿಯ ಮಂಟಪಗಳು, ಸಂಗಮ, ನಿಮಿಷಾಂಬದ ಮುಂದಿನ ಸೋಪಾನ, ಹೊಳೆ ಪಕ್ಕದ ತಗ್ಗಿನ ಗದ್ದೆ ಮತ್ತು ತೋಟ.

ಲೆಕ್ಕ ಹೀಗಿದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಹಿಡಿಯುವ ನೀರು 49 ಟಿಎಂಸಿ ಚಿಲ್ಲರೆ. ಅಣೆಕಟ್ಟೆ ತುಂಬಿದ ಮೇಲೆ ಬರುವ ನೀರನ್ನು ಬಂದ ಹಾಗೇ ಬಿಡಬೇಕು, ಬೇರೆ ದಾರಿಯಿಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. 1 ಲಕ್ಷ ಕ್ಯೂಸೆಕ್ ಬಿಟ್ಟರು ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್ ನಮ್ಮ ಪಕ್ಕದಲ್ಲಿ ಹಾದುಹೋಗುತ್ತಿದೆ ಅಂತ. 2019ರಲ್ಲಿ, 2024ರಲ್ಲಿ ಹೊರಹರಿವು ಲಕ್ಷ ದಾಟಿತು. ಅಂಥ ಹೊತ್ತಿನಲ್ಲಿ ವೆಲ್ಲೆಸ್ಲಿ ಸೇತುವೆ ಮೇಲೆ ಯಾರನ್ನೂ ಬಿಡುವುದಿಲ್ಲ, ರಂಗನತಿಟ್ಟಿನ ದೋಣಿ ಅದಕ್ಕೂ ಬಹಳ ಮೊದಲೇ ನಿಂತಿರುತ್ತದೆ, ಆಟೊಗೆ ಮೈಕ್ ಕಟ್ಟಿ ಹೊಳೆ ಅಂಚಿಗೆ ಹೋಗಬೇಡಿ ಅಂತ ಸಾರುತ್ತಾರೆ.

ನಮ್ಮ ತಾಯಿಗೆ ಕ್ಯೂಸೆಕ್ ಗೊತ್ತಿರಲಿಲ್ಲ. ಸ್ನಾನಘಟ್ಟದಲ್ಲಿ ಬಟ್ಟೆ ಒಗೆಯುವ ಹೆಂಗಸರು ಮೆಟ್ಟಿಲು ಎಣಿಸುತ್ತಿದ್ದರು. "ಇವತ್ತು ಮೂರು ಮೆಟ್ಲು ಹೋಗದೆ, ಮೇಲೆ ಬಾಗ್ಲು ತೆಗ್ದವ್ರೆ" ಅಂತ ಬುಟ್ಟಿ ಎತ್ತಿಕೊಂಡು ಬರುತ್ತಿದ್ದರು. ಪೇಪರಿನಲ್ಲಿ ಸುದ್ದಿ ಬರುತ್ತಿದ್ದುದು ಮಾರನೇ ದಿನ.

ಸುತ್ತ ಹೊಳೆ ಇದೆ. ಮತ್ತೆ ಗದ್ದೆಗೆ ನಾಲೆ ಯಾಕೆ ಬೇಕು?

ಹೊಳೆ ತಗ್ಗಿನಲ್ಲಿದೆ, ಗದ್ದೆ ಮೇಲಿದೆ. ಪಂಪು ಇಲ್ಲದ ಕಾಲದಲ್ಲಿ ಕಣ್ಣೆದುರಿನ ನೀರೂ ಕೈಗೆ ಸಿಗುತ್ತಿರಲಿಲ್ಲ. ಅದಕ್ಕೆ ಹಳಬರು ಮಾಡಿದ ಉಪಾಯ ನೋಡಿ. ಹೊಳೆಯ ಮೇಲ್ಭಾಗದಲ್ಲಿ ಕಟ್ಟೆ ಕಟ್ಟಿ, ಅಲ್ಲಿಂದ ನಾಲೆ ತೆಗೆದು, ನದಿಯ ಕವಲಿನ ಮೇಲೆಯೇ ಮೇಲ್ಗಾಲುವೆ ಕಟ್ಟಿ ನೀರನ್ನು ದ್ವೀಪಕ್ಕೆ ದಾಟಿಸಿದರು. ಕಾವೇರಿಯ ಮೇಲೆ ಕಾವೇರಿಯನ್ನೇ ಹರಿಸಿದ ಹಾಗೆ! ಇದೇ ಬಂಗಾರದೊಡ್ಡಿ ನಾಲೆ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಾಲದ್ದು.

ಅದೇ ಕಾಲದ ಕಟ್ಟೆಯಿಂದ ನೀರು ನಿಂತು ಉಂಟಾದ ತಿಟ್ಟುಗಳೇ ರಂಗನತಿಟ್ಟು. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ನೋಡಿ ಪಕ್ಷಿತಜ್ಞ ಸಲೀಂ ಅಲಿ ಒತ್ತಾಯ ಮಾಡಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಭತ್ತಕ್ಕೆ ಅಂತ ಕಟ್ಟಿದ ಕಟ್ಟೆ ಕೊಕ್ಕರೆಗೂ ಮನೆಯಾಯಿತು.

ಹೊಳೆ ಮಧ್ಯೆ ರಾಜಧಾನಿ ಯಾಕೆ ಮಾಡಿದ್ರು? ಮತ್ತೆ ಯಾಕೆ ಬಿಟ್ರು?

ಮಾಡಿದ್ದೂ ಹೊಳೆಯಿಂದ, ಕೆಟ್ಟಿದ್ದೂ ಹೊಳೆಯಿಂದ. ಎರಡು ಕವಲು ಎಂದರೆ ಯಾರೂ ತೋಡಬೇಕಾಗಿಲ್ಲದ ಕಂದಕ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಇದನ್ನು ತೆಗೆದುಕೊಂಡರು, ದಸರಾ ಶುರುವಾದದ್ದೂ ಇಲ್ಲೇ. ಅಲ್ಲಿಂದ 1799ರವರೆಗೆ ಇದೇ ರಾಜಧಾನಿ.

ಆದರೆ ಈ ಕಂದಕಕ್ಕೆ ಒಂದು ಕೊರತೆ. ವರ್ಷವಿಡೀ ಆಳ ಇರುವುದಿಲ್ಲ. ಮೇ ತಿಂಗಳಲ್ಲಿ ಕಾವೇರಿ ಬಡಕಲಾಗಿರುತ್ತಾಳೆ. 1799ರ ಮೇ 4ರ ಮಧ್ಯಾಹ್ನ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಬಂಡೆಗಳ ನಡುವೆ ಕಾಲ್ನಡಿಗೆಯಲ್ಲೇ ಹೊಳೆ ದಾಟಿ ಒಡೆದ ಗೋಡೆ ಹತ್ತಿತು. ಟಿಪ್ಪು ಅವತ್ತೇ ತೀರಿಕೊಂಡ. ಇನ್ನೊಂದು ತಿಂಗಳು ತಡೆದಿದ್ದರೆ ಮುಂಗಾರಿನ ನೀರು ಬಂದಿರುತ್ತಿತ್ತು. ಏನಾಗುತ್ತಿತ್ತೋ ಯಾರು ಬಲ್ಲರು.

ಆಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ಕಂಪನಿಯ ಪಡೆ ಇಲ್ಲಿಯೇ ಉಳಿಯಲು ನೋಡಿತು. ಸುತ್ತ ನೀರು, ಗದ್ದೆ, ಸೊಳ್ಳೆ. ಚಳಿಜ್ವರಕ್ಕೆ ಸಿಪಾಯಿಗಳು ಉದುರತೊಡಗಿದರು. 1809ರಲ್ಲಿ ದಂಡು ಬೆಂಗಳೂರಿಗೆ ಎದ್ದುಹೋಯಿತು. ಬೆಂಗಳೂರಿನ ಕಂಟೋನ್ಮೆಂಟ್ ಹುಟ್ಟಿಗೆ ನಮ್ಮೂರ ಸೊಳ್ಳೆಯೂ ಒಂದು ಕಾರಣ ಅನ್ನಬಹುದು. ಬೆಂಗಳೂರಿನವರು ಇಲ್ಲಿಗೆ ಬಂದು ಸೊಳ್ಳೆ ಅಂತ ದೂರಿದಾಗಲೆಲ್ಲ ಇದನ್ನು ಹೇಳುತ್ತೇನೆ.

## ಆಡಳಿತದ ವಿಷಯ

ಹೆಸರಲ್ಲೇ ‘ಪಟ್ಟಣ’ ಇದೆ. ಇದು ಪಟ್ಟಣ ಪಂಚಾಯಿತಿನಾ?

ಅಲ್ಲ, ಪುರಸಭೆ. ಕರ್ನಾಟಕದಲ್ಲಿ ಊರಿನ ದರ್ಜೆ ಮುಖ್ಯವಾಗಿ ಜನಸಂಖ್ಯೆಯಿಂದ. 10 ಸಾವಿರದಿಂದ 20 ಸಾವಿರದವರೆಗೆ ಪಟ್ಟಣ ಪಂಚಾಯಿತಿ, 20 ಸಾವಿರದಿಂದ 50 ಸಾವಿರದವರೆಗೆ ಪುರಸಭೆ, ಅದರ ಮೇಲೆ 3 ಲಕ್ಷದವರೆಗೆ ನಗರಸಭೆ, ಆಮೇಲೆ ಮಹಾನಗರ ಪಾಲಿಕೆ. ನಮ್ಮದು ಎರಡನೇ ಮೆಟ್ಟಿಲು. ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ. ಅರ್ಜಿಯ ಮೇಲೆ ‘ಪಟ್ಟಣ ಪಂಚಾಯಿತಿ’ ಅಂತ ಬರೆಸಲು ಬರುವವರು ತಿಂಗಳಿಗೆ ಇಬ್ಬರಾದರೂ ಇದ್ದಾರೆ, ಅದಕ್ಕೇ ಇಷ್ಟು ಹೇಳಿದೆ.

ಎಷ್ಟು ಜನ ಸದಸ್ಯರು? ಶಾಸಕರಿಗೂ ಅಲ್ಲಿ ಓಟು ಇದ್ಯಾ?

23 ವಾರ್ಡು, ವಾರ್ಡಿಗೊಬ್ಬರು. ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಸರ್ಕಾರ ಐದು ಜನರವರೆಗೆ ನಾಮಕರಣ ಮಾಡಬಹುದು. ಅವರು ಸಭೆಯಲ್ಲಿ ಮಾತಾಡಬಹುದು, ಓಟು ಹಾಕುವಂತಿಲ್ಲ. ಶಾಸಕರಿಗೆ, ಸಂಸದರಿಗೆ ಓಟು ಇದೆ. ಅಧ್ಯಕ್ಷರ ಚುನಾವಣೆ ಬಿಗಿಯಾದಾಗ ಆ ಎರಡು ಓಟಿಗೆ ಎಲ್ಲಿಲ್ಲದ ಬೆಲೆ.

ಇನ್ನೊಂದು ವ್ಯತ್ಯಾಸ. ಪುರಸಭೆ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುತ್ತದೆ. ಗ್ರಾಮ ಪಂಚಾಯಿತಿಯದು ಹಾಗಲ್ಲ, ಅಲ್ಲಿ ಪಕ್ಷ ಇಲ್ಲ ಅಂತ ಕಾಗದದಲ್ಲಿದೆ. ಕಾಗದದಲ್ಲಿ.

ಅಧ್ಯಕ್ಷರು ದೊಡ್ಡೋರಾ, ಮುಖ್ಯಾಧಿಕಾರಿ ದೊಡ್ಡೋರಾ?

ಅಧ್ಯಕ್ಷರು ಸಭೆ ನಡೆಸುತ್ತಾರೆ, ಮುಖ್ಯಾಧಿಕಾರಿ ಕಚೇರಿ ನಡೆಸುತ್ತಾರೆ. ಏನು ಮಾಡಬೇಕು ಅಂತ ತೀರ್ಮಾನಿಸುವುದು ಸದಸ್ಯರ ಸಭೆ. ಅದು ತಿಂಗಳಿಗೊಮ್ಮೆ ಸೇರಬೇಕು. ತೀರ್ಮಾನ ಆದದ್ದನ್ನು ಜಾರಿ ಮಾಡುವುದು, ಸಹಿ ಹಾಕುವುದು, ನೌಕರರಿಂದ ಕೆಲಸ ತೆಗೆಯುವುದು ಮುಖ್ಯಾಧಿಕಾರಿ, ಅವರು ಸರ್ಕಾರದ ನೌಕರರು. ಅಧ್ಯಕ್ಷರ ಅವಧಿ 30 ತಿಂಗಳು, ಮೀಸಲಾತಿ ಯಾವ ವರ್ಗಕ್ಕೆ ಅನ್ನುವುದನ್ನು ಸರ್ಕಾರ ಪ್ರಕಟಿಸುತ್ತದೆ. ಆ ಪಟ್ಟಿ ಕೋರ್ಟಿಗೆ ಹೋದರೆ ರಾಜ್ಯದ ಎಷ್ಟೋ ಊರುಗಳಲ್ಲಿ ಗೆದ್ದ ಸದಸ್ಯರು ಇದ್ದೂ ಅಧ್ಯಕ್ಷರಿಲ್ಲದೆ ತಿಂಗಳುಗಟ್ಟಲೆ ಕಳೆದದ್ದುಂಟು. ಆಗ ಆಡಳಿತಾಧಿಕಾರಿ ಬರುತ್ತಾರೆ.

ನನ್ನ ಅನುಭವದ ಮಾತು: ಬೀದಿ ದೀಪಕ್ಕೆ ವಾರ್ಡಿನ ಸದಸ್ಯರನ್ನು ಹಿಡಿಯಿರಿ, ಖಾತೆಗೆ ಕಚೇರಿಗೆ ಹೋಗಿ. ತಿರುಗಾ ಮುರುಗಾ ಮಾಡಿದರೆ ಎರಡೂ ಆಗುವುದಿಲ್ಲ.

ನಮ್ಮನೆ ಹೊಳೆ ಆಚೆ, ವಿಳಾಸ ಮಾತ್ರ ಶ್ರೀರಂಗಪಟ್ಟಣ. ಕಂದಾಯ ಎಲ್ಲಿ ಕಟ್ಟೋದು?

ಅಂಚೆ ವಿಳಾಸ ನೋಡಿ ತೀರ್ಮಾನಿಸಬೇಡಿ. ಕಿರಂಗೂರು, ಪಾಲಹಳ್ಳಿ, ಬೆಳಗೊಳ ಇವೆಲ್ಲ ಗ್ರಾಮ ಪಂಚಾಯಿತಿಗಳು. ತಾಲೂಕಿಗೆ ನಾಲ್ಕು ಹೋಬಳಿ: ಕಸಬಾ, ಬೆಳಗೊಳ, ಅರಕೆರೆ, ಕೆ. ಶೆಟ್ಟಹಳ್ಳಿ. ಪಂಚಾಯಿತಿ ವ್ಯಾಪ್ತಿಯ ಮನೆಗೆ ಕಂದಾಯ ಪಂಚಾಯಿತಿಯಲ್ಲಿ, ದಾಖಲೆ ಇ-ಸ್ವತ್ತಿನಲ್ಲಿ, ನಮೂನೆ 9 ಮತ್ತು 11. ಊರೊಳಗಿನ ಮನೆಗೆ ಪುರಸಭೆ, ದಾಖಲೆ ಇ-ಆಸ್ತಿಯಲ್ಲಿ, ನಮೂನೆ 3. ಪುರಸಭೆಯ ಆಸ್ತಿ ತೆರಿಗೆ ಏಪ್ರಿಲ್‌ನಲ್ಲೇ ಕಟ್ಟಿದರೆ 5 ಪರ್ಸೆಂಟ್ ಕಡಿಮೆ.

ಹಳ್ಳಿಯವರಿಗೆ ನಮಗಿಲ್ಲದ ಒಂದು ಅನುಕೂಲ ಇದೆ. ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಊರವರೆಲ್ಲ ಕೂತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದುರಿಗೆ ಕೇಳಬಹುದು. ಪಟ್ಣದವರಿಗೆ ಬಜೆಟ್ ಮುಂಚಿನ ಸಲಹಾ ಸಭೆ ಬಿಟ್ಟರೆ ಅಷ್ಟು ನೇರವಾದ ಜಾಗ ಇಲ್ಲ. ಆ ಸಭೆಗೆ ಹೋಗುವವರೂ ಬೆರಳೆಣಿಕೆ.

ತಾಲೂಕು, ಜಿಲ್ಲಾ ಪಂಚಾಯಿತಿ ಕೇಳಬೇಡಿ. ಅವುಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ನಡೆಸಿದರು.

ತಹಶೀಲ್ದಾರ್ ಮತ್ತೆ ಪುರಸಭೆ ಒಂದೇ ಅಲ್ವಾ?

ಅಲ್ಲವೇ ಅಲ್ಲ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ವಿಧವಾ ವೇತನ, ಹದ್ದುಬಸ್ತಿನ ಜಗಳ, ನೆರೆ ಪರಿಹಾರ, ಇವೆಲ್ಲ ತಹಶೀಲ್ದಾರರ ತಾಲೂಕು ಕಚೇರಿಯ ಕೆಲಸ. ಚರಂಡಿ, ಕಸ, ನಲ್ಲಿ ನೀರು, ಬೀದಿ ದೀಪ, ಅಂಗಡಿ ಪರವಾನಗಿ, ಕಟ್ಟಡ ಪರವಾನಗಿ, ಊರೊಳಗಿನ ಜನನ-ಮರಣ ನೋಂದಣಿ, ಇವು ಪುರಸಭೆಯ ಕೆಲಸ. ಮಗು ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಿ, ಆಮೇಲೆ ಅಲೆದಾಟ.

## ಕಗ್ಗಂಟಿನ ವಿಷಯಗಳು

ಕೋಟೆ ಒಳಗೆ ನಮ್ಮ ತಾತನ ಮನೆ ಇದೆ. ಕೆಡವಿ ಕಟ್ಟಬಹುದಾ?

ಸುಲಭವಿಲ್ಲ. ಪುರಸಭೆಯ ಪರವಾನಗಿಯೊಂದೇ ಸಾಲದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಇರುವ ಮನೆಯ ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು.

ಬೇರೆ ಊರಿನಲ್ಲಿ ಒಂದು ಸ್ಮಾರಕ ಇದ್ದರೆ ಒಂದು ಸುತ್ತು ಹಾಕಿದರೆ ಆಯಿತು. ಇಲ್ಲಿ ಕೋಟೆ ಗೋಡೆ, ದೇವಸ್ಥಾನ, ಮಸೀದಿ, ಸೆರೆಮನೆ ಒಂದರ ಪಕ್ಕ ಒಂದು. ಒಂದರ 100 ಮೀಟರ್ ಮುಗಿಯುವಷ್ಟರಲ್ಲಿ ಇನ್ನೊಂದರದು ಶುರು. ನಕ್ಷೆಯ ಮೇಲೆ ಸುತ್ತು ಎಳೆದು ನೋಡಿ, ಕೋಟೆಯೊಳಗೆ ಬಿಳೀ ಜಾಗ ಹುಡುಕಬೇಕಾಗುತ್ತದೆ. ಸ್ಮಾರಕ ಉಳಿಯಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸೋರುವ ಹೆಂಚು ಬದಲಿಸಲು ಕಡತ ಹಿಡಿದು ಓಡಾಡುವ ಎಪ್ಪತ್ತು ವರ್ಷದ ಯಜಮಾನರನ್ನು ನೋಡಿದಾಗ, ಮನೆ ರಿಪೇರಿಗಾದರೂ ಊರಲ್ಲೇ ಒಂದು ಕಿಟಕಿ ಇದ್ದಿದ್ದರೆ ಅನ್ನಿಸುತ್ತದೆ.

ಟಿಪ್ಪು ಮದ್ದಿನ ಮನೆನ ಎತ್ತಿ ಬೇರೆ ಕಡೆ ಇಟ್ರಂತಲ್ಲ, ನಿಜಾನಾ?

ನಿಜ. ಬೆಂಗಳೂರು–ಮೈಸೂರು ರೈಲು ಹಳಿ ಕೋಟೆಯೊಳಗೇ ಹಾಯುತ್ತದೆ. ಜೋಡಿ ಹಳಿ ಹಾಕುವಾಗ ಎರಡನೇ ಹಳಿಯ ದಾರಿಯಲ್ಲಿ ಆ ಶಸ್ತ್ರಾಗಾರ ಅಡ್ಡ ಬಂತು. ಒಡೆಯುವಂತಿಲ್ಲ, ಹಳಿ ಸುತ್ತಿಸಲು ಜಾಗವಿಲ್ಲ. ಕೊನೆಗೆ 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಕಟ್ಟಡವನ್ನು ಬುಡಸಮೇತ ಜಾಕ್ ಕೊಟ್ಟು ಎತ್ತಿ, ನೂರು ಮೀಟರಿಗೂ ಜಾಸ್ತಿ ದೂರಕ್ಕೆ ಮೆಲ್ಲಗೆ ಸರಿಸಿದರು. ಆ ದಿನಗಳಲ್ಲಿ ನನ್ನ ಅಂಗಡಿಗೆ ಗಿರಾಕಿಯೇ ಇಲ್ಲ, ಊರೆಲ್ಲ ಅಲ್ಲಿ ನಿಂತಿತ್ತು.

ವೆಲ್ಲೆಸ್ಲಿ ಸೇತುವೆಗೆ ಯಾಕೆ ಅಷ್ಟು ಮರ್ಯಾದೆ?

1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು, ಹೆಸರು ಆಗಿನ ಗವರ್ನರ್ ಜನರಲ್‌ನದು. ಕೆಳಗೆ ಇಳಿದು ನೋಡಿ. ಕಮಾನು ಇಲ್ಲ. ನಿಲ್ಲಿಸಿದ ಕಲ್ಲುಕಂಬ, ಅದರ ಮೇಲೆ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ದೇವಸ್ಥಾನದ ಮಂಟಪ ಕಟ್ಟುವ ಕೈಗಳೇ ಹೊಳೆ ಮೇಲೆ ಉದ್ದಕ್ಕೆ ಮಂಟಪ ಕಟ್ಟಿದ ಹಾಗಿದೆ. ಎರಡು ಶತಮಾನದ ನೆರೆ ಅದರ ಮೇಲೆ ಹಾದುಹೋಗಿದೆ, ಅಲ್ಲಲ್ಲಿ ಕಲ್ಲು ಜಾರಿದೆ, ಸೇತುವೆ ನಿಂತಿದೆ.

ಈ ಊರನ್ನ ಬ್ರಿಟಿಷರಿಂದ ಬಾಡಿಗೆಗೆ ತಗೊಂಡಿದ್ರಂತೆ ಹೌದಾ?

ಹೌದು. ಇದು ಬಹಳ ಜನಕ್ಕೆ ಗೊತ್ತಿಲ್ಲ. 1799ರ ನಂತರ ಮೈಸೂರು ರಾಜ್ಯವನ್ನು ಒಡೆಯರಿಗೆ ಕೊಟ್ಟರೂ ಈ ದ್ವೀಪವನ್ನು ಕಂಪನಿ ತನ್ನ ಹೆಸರಲ್ಲೇ ಇಟ್ಟುಕೊಂಡಿತು. ಆಮೇಲೆ ಮೈಸೂರು ಸರ್ಕಾರ ವರ್ಷಕ್ಕೆ 50,000 ರೂಪಾಯಿ ಕೊಟ್ಟು ಗುತ್ತಿಗೆಗೆ ಪಡೆಯಿತು. 1881ರಲ್ಲಿ ರಾಜ್ಯವನ್ನು ಮತ್ತೆ ಮಹಾರಾಜರಿಗೆ ಒಪ್ಪಿಸಿದಾಗ ಒಂದು ಅದಲುಬದಲು ನಡೆಯಿತು. ಶ್ರೀರಂಗಪಟ್ಟಣ ಮೈಸೂರಿಗೆ, ಬೆಂಗಳೂರಿನ ದಂಡಿನ ಪ್ರದೇಶ ಬ್ರಿಟಿಷರಿಗೆ. ಇವತ್ತಿನ ಸೈಟ್ ರೇಟಿನಲ್ಲಿ ಲೆಕ್ಕ ಹಾಕಿದರೆ ಯಾರಿಗೆ ಲಾಭ ಅನ್ನುವುದು ಬೇರೆ ಮಾತು. ನಮಗೇನೂ ಬೇಜಾರಿಲ್ಲ.

ಹೊಳೆ ಯಾರ್ದು ಸ್ವಾಮಿ? ಪುರಸಭೆಗೆ ಹೋದ್ರೆ ನಮ್ದಲ್ಲ ಅಂತಾರೆ.

ಪುರಸಭೆಯ ಕೈ ದಡದವರೆಗೆ. ನೀರು ಬಿಡುವುದು, ನಿಲ್ಲಿಸುವುದು ಕಾವೇರಿ ನೀರಾವರಿ ನಿಗಮ. ಮರಳು ಗಣಿ ಇಲಾಖೆಗೆ ಸೇರಿದ್ದು. ಮೀನು ಮೀನುಗಾರಿಕೆ ಇಲಾಖೆ. ರಂಗನತಿಟ್ಟಿನ ಹಕ್ಕಿ, ಮೊಸಳೆ ಅರಣ್ಯ ಇಲಾಖೆ. ನೀರು ಕೆಟ್ಟರೆ ಮಾಲಿನ್ಯ ನಿಯಂತ್ರಣ ಮಂಡಳಿ. ಒಳಚರಂಡಿ ಕಾಮಗಾರಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ರಂಗನಾಥನ ದೇವಸ್ಥಾನದ ಹುಂಡಿ ಧಾರ್ಮಿಕ ದತ್ತಿ ಇಲಾಖೆ, ಅದೇ ದೇವಸ್ಥಾನದ ಕಲ್ಲು ಪುರಾತತ್ವ ಇಲಾಖೆ.

ಅಸ್ಥಿ ಬಿಟ್ಟ ಮೇಲೆ ನೀರಿಗೆ ಎಸೆಯುವ ಬಟ್ಟೆ, ಮಡಕೆ, ಫೋಟೋ ಇದೆಯಲ್ಲ, ಅದು ಮಾತ್ರ ಯಾವ ಇಲಾಖೆಯದೂ ಅಲ್ಲ, ನಮ್ಮದು. ಅಸ್ಥಿ ಕರಗುತ್ತದೆ, ಟೆರಿಕಾಟ್ ಪ್ಯಾಂಟು ಕರಗುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಗೆ ಸುತ್ತಿಕೊಂಡ ಸೀರೆಗಳನ್ನು ನೋಡಿದವರು ಮುಂದಿನ ಸಲ ಬಟ್ಟೆಯನ್ನು ದಡದಲ್ಲೇ ಬಿಡುತ್ತಾರೆ.

ಹಂಗಾದ್ರೆ ಅರ್ಜಿನ ಯಾರಿಗೆ ಬರೀಲಿ?

ಒಂದು ಉದಾಹರಣೆ ಹೇಳುತ್ತೇನೆ. ಒಮ್ಮೆ ಒಬ್ಬ ಅಜ್ಜಿ ಬಂದರು. ಮಳೆಗೆ ಹಳೇ ಗೋಡೆಯಿಂದ ಕಲ್ಲು ಜಾರಿ ಮನೆ ಮುಂದಿನ ಚರಂಡಿಗೆ ಬಿದ್ದಿದೆ, ಕೊಳಚೆ ಒಳಗೆ ನುಗ್ಗುತ್ತಿದೆ. ಒಂದು ಕಚೇರಿಯವರು ಚರಂಡಿ ನಮ್ಮದು, ಕಲ್ಲು ನಮ್ಮದಲ್ಲ ಅಂದರು. ಇನ್ನೊಂದು ಕಚೇರಿಯವರು ಕಲ್ಲು ನಮ್ಮದು, ಚರಂಡಿ ನಮ್ಮದಲ್ಲ ಅಂದರು. ಅಜ್ಜಿ ಎರಡು ಕಡೆಗೂ ನಾಲ್ಕು ಸಲ ನಡೆದಿದ್ದರು.

ನಾವು ಮಾಡಿದ್ದು ಇಷ್ಟೇ. ಒಂದೇ ಅರ್ಜಿ, ಮೇಲೆ ‘ಗೆ’ ಅಂತ ಎರಡೂ ಕಚೇರಿಯ ಹೆಸರು, ಕೆಳಗೆ ಉಪವಿಭಾಗಾಧಿಕಾರಿಗಳಿಗೆ ಪ್ರತಿ. ಜೊತೆಗೆ ಫೋಟೋ, ತಾರೀಖು. ಎರಡೂ ಕಡೆ ಕೊಟ್ಟು ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು, ಟಪಾಲು ನಂಬರು ಹಾಕಿಸಿಕೊಂಡೆವು. ಸೀಲು ಇಲ್ಲದ ಅರ್ಜಿ ಕೊಟ್ಟ ಲೆಕ್ಕವಲ್ಲ, ಇದನ್ನು ಗೋಡೆಗೆ ಬರೆದು ಹಾಕಿಕೊಳ್ಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಶುಲ್ಕ, 30 ದಿನ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಕಷ್ಟ ಸುಖವೆಲ್ಲ ಬರೆಯಬೇಡಿ, "ದಿನಾಂಕ ಇಂತಿಷ್ಟರ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ನಕಲು ಕೊಡಿ" ಅಂದರೆ ಸಾಕು.

ಅಜ್ಜಿಗೆ ಆ ಎರಡನೇ ಅರ್ಜಿ ಬೇಕಾಗಲಿಲ್ಲ. ಹನ್ನೊಂದನೇ ದಿನ ಎರಡೂ ಕಡೆಯವರು ಒಟ್ಟಿಗೆ ಬಂದರು. ಒಬ್ಬರು ಕಲ್ಲಿಗೆ ನಂಬರು ಬರೆದು ಎತ್ತಿ ಪಕ್ಕಕ್ಕಿಟ್ಟರು, ಇನ್ನೊಬ್ಬರು ಚರಂಡಿ ಬಳಿದರು. ಅಜ್ಜಿ ಇಬ್ಬರಿಗೂ ಮಜ್ಜಿಗೆ ಕೊಟ್ಟರಂತೆ. ನನಗೆ ಟೈಪಿಂಗಿನ ಮೂವತ್ತು ರೂಪಾಯಿ ಇನ್ನೂ ಬರಬೇಕು.